ರಾಣಿಯ ಅಂಗಳದಲ್ಲಿ ಬಾಯಿ ಹಾಕಿದ್ದು

ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ವೇದಿಕೆಯ ಮೇಲಿರುವ ಮಕ್ಕಳಿಗಿಂತ ಕೆಳಗೆ ನಿಂತ ಅಮ್ಮಂದಿರೇ ಹೆಚ್ಚು ಮಾತನಾಡುತ್ತಾರೆ. ಇದು ಚಾಡಿಯಲ್ಲ, ನಾನೂ ಆ ಪಂಗಡದವಳೇ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಪದ್ಯವನ್ನು ಬಾಯಿಪಾಠ ಮಾಡಿ, ರೇಷ್ಮೆ ಲಂಗಕ್ಕೆ ಕಾಲು ತೊಡರಿಸಿಕೊಂಡು ಮೈಕಿನ ಮುಂದೆ ಬಂದು ನಿಲ್ಲುತ್ತವೆ. ಎರಡು ಸಾಲು ಹೇಳಿ ಮೂರನೆಯದಕ್ಕೆ ತಡವರಿಸಿದರೆ ಸಾಕು, ಕೆಳಗಿನಿಂದ ಅಮ್ಮ ತುಟಿ ಆಡಿಸುತ್ತಾಳೆ. ತುಟಿ ಸಾಲದಿದ್ದರೆ ಪಿಸುಮಾತು, ಪಿಸುಮಾತು ಸಾಲದಿದ್ದರೆ ಇಡೀ ಸಭಾಂಗಣಕ್ಕೆ ಕೇಳುವ ದನಿ. ಕೊನೆಗೆ ಪದ್ಯ ಹೇಳಿದ್ದು ಅಮ್ಮ, ಚಪ್ಪಾಳೆ ಮಗುವಿಗೆ. ಇದನ್ನು ನಾವ್ಯಾರೂ ತಪ್ಪೆಂದು ತಿಳಿದವರಲ್ಲ. ಮಗು ಸುಮ್ಮನೆ ನಿಂತರೆ ಮರೆತಿದೆ ಎಂದರ್ಥ. ಮರೆತದ್ದನ್ನು ಹೇಳಿಕೊಡುವುದು ಅಮ್ಮನ ಕೆಲಸ.

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಯುಗಾದಿ ಕಾರ್ಯಕ್ರಮದಲ್ಲಿ ಹಾಗೆಯೇ ಆಯಿತು. ವೇದಿಕೆಯಿಂದ ಇಳಿದು ಬಂದವಳು ಅಳಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. “ಯೂ ಸೆಡ್ ಇಟ್ ಆಲ್, ಅಮ್ಮ. ನೆಕ್ಸ್ಟ್ ಟೈಮ್ ಯೂ ಗೋ ಅಪ್” ಎಂದಳು. ನಾನು ನಕ್ಕೆ. ಅಕ್ಕಪಕ್ಕದ ಆಂಟಿಯರೂ ನಕ್ಕರು. ಅವಳು ಆಮೇಲೆ ಕನ್ನಡದ ವೇದಿಕೆ ಹತ್ತಲಿಲ್ಲ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಸಂಸಾರ ಹಾಗೇ ಸಾಗಿತು.

ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳಿಗೆ ಕೊರಿಯನ್ ಸೀರಿಯಲ್ಲುಗಳ ಹುಚ್ಚು ಹಿಡಿಯಿತು. ಮೊದಲು ಹಾಡು, ಆಮೇಲೆ ಸೀರಿಯಲ್, ಆಮೇಲೆ ಭಾಷೆ. ಕೊರಿಯಾದ ಟೀಚರೊಬ್ಬರು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಶನಿವಾರ ಪಾಠ ಹೇಳುತ್ತಾರೆಂದು ಪತ್ತೆ ಹಚ್ಚಿದ್ದೂ ಅವಳೇ. ಕೂಟದವರ ‘ಕನ್ನಡ ಕಲಿ’ ತರಗತಿಗೆ ಎಬ್ಬಿಸಿದರೆ ಹೊಟ್ಟೆನೋವು ಬರುತ್ತಿದ್ದ ಹುಡುಗಿ ಕೊರಿಯನ್ ತರಗತಿಗೆ ತಾನೇ ಅಲಾರಾಂ ಇಟ್ಟುಕೊಂಡು ಏಳತೊಡಗಿದಳು. ಟೀಚರನ್ನು ಕಂಡರೆ ಸೊಂಟ ಬಗ್ಗಿಸಿ ನಮಸ್ಕಾರ. ಏನು ಕೊಟ್ಟರೂ ಎರಡು ಕೈ ಸೇರಿಸಿ ಕೊಡುತ್ತಾಳೆ. ಮೈಸೂರಿನಿಂದ ನನ್ನ ಅಮ್ಮ ವಿಡಿಯೋ ಕಾಲ್ ಮಾಡಿದರೆ ಮಾತ್ರ “ಹಾಯ್ ಅಜ್ಜಿ” ಎಂದು ಫೋನನ್ನು ನನ್ನ ಕಡೆ ತಿರುಗಿಸಿ ಮಹಡಿ ಹತ್ತುತ್ತಾಳೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುತ್ತಿಬಳಸಿ ಹೇಳುವುದೇಕೆ, ಹೊಟ್ಟೆಕಿಚ್ಚೇ. ಬೇರೆಯವರ ಅಜ್ಜಿಯ ಭಾಷೆಗೆ ಇಷ್ಟು ಮರ್ಯಾದೆ, ನಮ್ಮ ಅಜ್ಜಿಯದಕ್ಕೆ ಏನು ಬಂದಿದೆ ಎಂದು ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ.

ಈ ಟೀಚರು ಹಿಂದಿನ ಕೆಲವು ವರ್ಷಗಳಂತೆ ಆ ವರ್ಷವೂ ಸ್ಪ್ರಿಂಗ್ ಬ್ರೇಕಿನಲ್ಲಿ ಮಕ್ಕಳನ್ನು ಸಿಯೋಲಿಗೆ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರು. ಜೊತೆಗೆ ಇಬ್ಬರು ತಾಯಂದಿರು ಬೇಕೆಂದರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಿ, “ನೀನು ಹೋಗ್ತೀಯಾ? ಅಷ್ಟು ದಿನ ಬಾಯ್ ಮುಚ್ಕೊಂಡಿರೋಕಾಗತ್ತಾ ನಿನಗೆ?” ಎಂದರು. ಮಗಳು ನಗಲಿಲ್ಲ. ಇನ್ನೊಬ್ಬ ತಾಯಿ ಪಕ್ಕದ ಊರು ಓಲ್ಡ್ ಬ್ರಿಡ್ಜಿನ ನನ್ನ ಗೆಳತಿ. ಅವಳೂ ಮೈಸೂರಿನವಳೇ, ಮಂಡಿ ಮೊಹಲ್ಲಾದ ಮುಸ್ಲಿಮರ ಮನೆಯವಳು, ನನಗಿಂತ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳ ಮಗಳೂ ನನ್ನ ಮಗಳೂ ಜೊತೆಯಾಗಿಯೇ ಆ ತರಗತಿಗೆ ಸೇರಿದ್ದರು. ಇಡೀ ತರಗತಿಯಲ್ಲಿ ಮನೆಯಲ್ಲಿ ಕೊರಿಯನ್ ಇಲ್ಲದ ಮಕ್ಕಳು ಇವರಿಬ್ಬರೇ.

ಪ್ರವಾಸದ ಮುಖ್ಯ ಸಂಗತಿ ಒಂದು ಸಂಜೆ. ಅಲ್ಲಿಯ ಹಳೆಯ ಅರಮನೆಯೊಂದನ್ನು ಕತ್ತಲಾಗುವ ಹೊತ್ತಿಗೆ ಸಣ್ಣ ಗುಂಪುಗಳಿಗೆ ತೆರೆಯುತ್ತಾರೆ. ಅದನ್ನು ತೋರಿಸಿ ವಿವರಿಸುವ ಹಿರಿಯ ಮಹಿಳೆಯೊಬ್ಬರು ನಮ್ಮ ಟೀಚರಿಗೆ ಶಾಲೆಯಲ್ಲಿ ಪಾಠ ಹೇಳಿದ್ದವರಂತೆ. ತನ್ನ ಅಮೆರಿಕದ ಮಕ್ಕಳು ಎಷ್ಟು ಕಲಿತಿದ್ದಾರೆಂದು ಆ ಗುರುವಿಗೆ ತೋರಿಸಬೇಕೆಂಬುದು ಟೀಚರ ಆಸೆ. ಒಬ್ಬೊಬ್ಬ ಹುಡುಗ ಹುಡುಗಿಗೂ ಅರಮನೆಯ ಒಂದೊಂದು ಜಾಗ ಹಂಚಿದ್ದರು. ಆ ಜಾಗಕ್ಕೆ ಬಂದಾಗ ಆ ಮಗು ಮುಂದೆ ನಿಂತು ಅದರ ಕಥೆಯನ್ನು ಕೊರಿಯನ್ನಿನಲ್ಲಿ ಹೇಳಬೇಕು. ನನ್ನ ಮಗಳಿಗೆ ಬಂದದ್ದು ರಾಣಿವಾಸ. ಅದು ಎಲ್ಲಕ್ಕಿಂತ ಕಷ್ಟದ ಜಾಗ, ಯಾವಾಗಲೂ ಕೊರಿಯನ್ ಮನೆಯ ಮಗುವಿಗೇ ಕೊಡುತ್ತಿದ್ದದ್ದು, ಈ ಸಲ ತನಗೆ ಕೊಟ್ಟಿದ್ದಾರೆ ಎಂದು ಅವಳು ಅಪ್ಪನಿಗೆ ಹೇಳುವುದನ್ನು ನಾನು ಮೆಟ್ಟಿಲ ಮೇಲಿನಿಂದ ಕೇಳಿಸಿಕೊಂಡಿದ್ದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಜಾಕೆಟ್ ಹಾಕಿಕೊಂಡು ನಿಂತು ಕಾರಿಗೆ ಭಾಷಣ ಮಾಡುತ್ತಿದ್ದಳು. ನಾನು ಒಗೆಯುವ ಬಟ್ಟೆಯ ನೆಪದಲ್ಲಿ ಹೋದರೆ ನಿಲ್ಲಿಸಿಬಿಡುತ್ತಿದ್ದಳು.

ವಿಮಾನದಲ್ಲಿ ಅವಳು ಒಂದೇ ಒಂದು ಮಾತು ಕೇಳಿದಳು. “ಅಮ್ಮ, ಪ್ಯಾಲೆಸ್‌ನಲ್ಲಿ ಇಟ್ಸ್ ಮೈ ಥಿಂಗ್. ಯೂ ಜಸ್ಟ್ ವಾಚ್, ಓಕೆ?”

“ಅಯ್ಯೋ, ನನಗೇನು ಕೊರಿಯನ್ ಬರತ್ತಾ, ಮಧ್ಯ ಬಾಯಿ ಹಾಕೋಕೆ?” ಎಂದೆ. ಅದು ನನಗೆ ಸರಿಯಾದ ಉತ್ತರವೆಂದೇ ಅನ್ನಿಸಿತ್ತು.

ಆ ಸಂಜೆ ಅರಮನೆಯ ಬಾಗಿಲಲ್ಲಿ ಎಲ್ಲರ ಕೈಗೂ ಕೋಲಿಗೆ ತೂಗುಬಿಟ್ಟ ಒಂದೊಂದು ಬಟ್ಟೆಯ ಲಾಂದ್ರ ಕೊಟ್ಟರು. ಮೇಲೆ ಕೆಂಪು, ಕೆಳಗೆ ನೀಲಿ. ಒಳಗೆ ಅದು ಬಿಟ್ಟರೆ ಅಲ್ಲಲ್ಲಿ ಮಂಕು ದೀಪ. ಏಪ್ರಿಲ್ ಆದರೂ ಚಳಿ. ಮಕ್ಕಳು ಸಾಲಾಗಿ ಸದ್ದಿಲ್ಲದೆ ನಡೆದರು. ನ್ಯೂಜೆರ್ಸಿಯ ಬಸ್ಸಿನಲ್ಲಿ ಕಿರುಚಾಡುವ ಮಕ್ಕಳು ಇವರೇನಾ ಎನ್ನಿಸುವ ಹಾಗೆ. ಆ ಹಿರಿಯ ಮಹಿಳೆ ಗಿಡ್ಡಗೆ, ಬೂದು ಬಣ್ಣದ ಕೋಟು ತೊಟ್ಟು, ಮೆಲುದನಿಯಲ್ಲಿ ಟೀಚರನ್ನು ಮಾತನಾಡಿಸುತ್ತ ಮುಂದೆ ಹೋಗುತ್ತಿದ್ದರು. ಒಬ್ಬ ಹುಡುಗ ಕಲ್ಲಿನ ಸೇತುವೆಯ ಮೇಲೆ ನಿಂತು ಹೇಳಿದ, ಒಬ್ಬ ಹುಡುಗಿ ಸಿಂಹಾಸನದ ಮಂಟಪದ ಮುಂದೆ ಹೇಳಿದಳು. ಆ ಮಹಿಳೆ ಕಣ್ಣು ಅರ್ಧ ಮುಚ್ಚಿ ಕೇಳಿ, ತಲೆಯಾಡಿಸಿ, ಮುಂದಿನ ಅಂಗಳಕ್ಕೆ ನಡೆಯುತ್ತಿದ್ದರು.

ನಾನು ಮೈಸೂರಿನವಳು. ಭಾನುವಾರ ಸಂಜೆ ಅರಮನೆಯ ಮೈದಾನದಲ್ಲಿ ಕಡಲೆಕಾಯಿ ತಿನ್ನುತ್ತ ನಿಂತು, ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಜನರೆಲ್ಲ “ಓ” ಎನ್ನುವುದನ್ನು ಕೇಳುತ್ತ ಬೆಳೆದವಳು. ಮೈಸೂರಿನವರಿಗೆ ಒಂದು ಕಾಯಿಲೆಯಿದೆ: ಪ್ರಪಂಚದ ಯಾವ ಅರಮನೆ ತೋರಿಸಿದರೂ ನಮ್ಮದರ ಪಕ್ಕ ಇಟ್ಟು ಅಳೆಯುತ್ತೇವೆ, ನಮ್ಮದೇ ಗೆಲ್ಲುತ್ತದೆ. ನಾನು ಗೆಳತಿಯ ಕಿವಿಯಲ್ಲಿ, “ಇದೇನೇ ಇದು, ಕರೆಂಟ್ ಬಿಲ್ ಕಟ್ಟಿಲ್ವಾ? ನಮ್ಮೂರ ಅರಮನೆ ಲೈಟಿಂಗ್ ನೋಡಿದ್ರೆ ಇವರು ಮೂರ್ಛೆ ಹೋಗ್ತಾರೆ” ಎಂದೆ. ಅವಳು ನಕ್ಕಳು, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಮುಂದಿನಿಂದ ನನ್ನ ಮಗಳು ಒಮ್ಮೆ ತಿರುಗಿ ನೋಡಿದಳು.

ರಾಣಿವಾಸದ ಅಂಗಳಕ್ಕೆ ಬಂದೆವು. ಉಳಿದ ಮನೆಗಳ ಮಾಡಿನ ನೆತ್ತಿಯಲ್ಲಿ ಬಿಳಿಯ ದಪ್ಪ ಪಟ್ಟಿಯಿರುತ್ತದೆ, ಇದಕ್ಕೆ ಮಾತ್ರ ಇರಲಿಲ್ಲ; ಮಾಡು ಸುಮ್ಮನೆ ಬಾಗಿ ಆ ಕಡೆಗೆ ಇಳಿದಿತ್ತು. ಮಗಳು ಲಾಂದ್ರವನ್ನು ಗೆಳತಿಯ ಮಗಳ ಕೈಗೆ ಕೊಟ್ಟು ಮೆಟ್ಟಿಲ ಬಳಿ ಹೋಗಿ ನಿಂತು, ಆ ಹಿರಿಯರಿಗೆ ಬಾಗಿ ನಮಸ್ಕರಿಸಿ ಮಾತು ಶುರು ಮಾಡಿದಳು. ನನಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಆದರೆ ದನಿ ಅರ್ಥವಾಯಿತು. ಮನೆಯಲ್ಲಿ ನುಂಗಿ ನುಂಗಿ ಮಾತನಾಡುವ ಹುಡುಗಿ ಇಲ್ಲಿ ಒಂದೊಂದು ಮಾತನ್ನೂ ಬಿಡಿಸಿಟ್ಟಳು. ಕೈ ತೋರಿಸಿದಳು, ಮಾಡಿನ ಕಡೆ, ಪಕ್ಕದ ಕೋಣೆಯ ಕಡೆ. ನನಗೆ ಹೆಮ್ಮೆಯಾಯಿತು. ಅದರ ಹಿಂದೆಯೇ ಕೋಪವೂ ಬಂತು: ಈ ದನಿ ನನ್ನ ಅಮ್ಮನಿಗೆ ಯಾಕೆ ಸಿಗಲಿಲ್ಲ?

ಆಗ ಅವಳು ನಿಂತುಬಿಟ್ಟಳು.

ಮಾತಿನ ನಡುವೆಯೇ, ಕೈಗಳನ್ನು ಮುಂದೆ ಜೋಡಿಸಿ, ತಲೆ ತಗ್ಗಿಸಿ ನಿಂತಳು. ಯಾರೂ ಉಸಿರೆತ್ತಲಿಲ್ಲ. ಟೀಚರ ಕಣ್ಣುಗಳು ಮುಚ್ಚಿದ್ದವು. ಮಗು ಕೈಕೊಟ್ಟಿತಲ್ಲ ಎಂಬ ಬೇಸರಕ್ಕೆ ಎಂದುಕೊಂಡೆ. ಆ ಹಿರಿಯರೂ ನೆಲ ನೋಡುತ್ತಿದ್ದರು. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕಲಿತದ್ದು ಬೇಕಾದ ಹೊತ್ತಿಗೆ ಮರೆತುಹೋಯಿತಲ್ಲ, ಒಬ್ಬರಾದರೂ ಹೇಳಿಕೊಡಬಾರದೇ, ಇದೆಂಥ ಕಲ್ಲು ಮನಸ್ಸಿನ ಜನ! ಮೌನ ಇನ್ನೂ ಬೆಳೆಯಿತು. ನನ್ನ ಕಾಲು ತಾನಾಗಿ ಮುಂದೆ ಹೋಯಿತು.

“ಹೇಳು ಪುಟ್ಟಿ, ಮುಂದಿಂದು ಹೇಳು” ಎಂದೆ, ಜೋರಾಗಿಯೇ. ಅವಳು ತಲೆ ಎತ್ತಲಿಲ್ಲ. ನಾನು ಆ ಹಿರಿಯರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವಳಿಗೆ ಸ್ವಲ್ಪ ಭಯ, ಮರೆತುಬಿಟ್ಟಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೌನ ತುಂಬಬೇಕಲ್ಲ, ನಮ್ಮೂರಿನಲ್ಲೂ ಅರಮನೆಯಿದೆ ಎಂದೆ. ಲಕ್ಷ ಬಲ್ಬು ಎಂದೆ. ಎಲ್ಲ ಒಟ್ಟಿಗೆ ಹತ್ತುತ್ತವೆ ಎಂದು ಲಾಂದ್ರ ಹಿಡಿದ ಕೈಯಿಂದಲೇ ತೋರಿಸಿದೆ. ನೀವು ಒಮ್ಮೆ ಬರಬೇಕು, ನಮ್ಮ ಮನೆಯಲ್ಲೇ ಉಳಿಯಬಹುದು ಎಂದೂ ಕರೆದೆ.

ಆ ಹಿರಿಯರು ನನ್ನನ್ನೇ ನೋಡುತ್ತಿದ್ದರು. ಮಗಳು ಈಗ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ಮೊದಲಿಗಿಂತ ಆಳವಾಗಿ ಬಾಗಿ, ಕೊರಿಯನ್ನಿನಲ್ಲಿ ಮೂರು ನಾಲ್ಕು ಮಾತು ಹೇಳಿದಳು. ದನಿ ನಡುಗಲಿಲ್ಲ. ಅವರು ಏನೋ ಮೆಲ್ಲಗೆ ಉತ್ತರಿಸಿ ನನಗೂ ಸ್ವಲ್ಪ ತಲೆ ಬಾಗಿಸಿದರು. ನಾನೂ ಬಾಗಿದೆ, ಸಂತೋಷದಿಂದ. ಮಗಳು ಉಳಿದ ಕಥೆ ಮುಗಿಸಿದಳು. ನಾನು ಚಪ್ಪಾಳೆ ತಟ್ಟಿದೆ. ಲಾಂದ್ರ ಕೈಯಲ್ಲಿದ್ದುದರಿಂದ ಅದು ಸರಿಯಾಗಿ ಸದ್ದಾಗಲಿಲ್ಲ. ಬೇರೆ ಯಾರೂ ತಟ್ಟಲಿಲ್ಲ.

ಮುಂದಿನ ಅಂಗಳದ ತನಕ ನಾನು ಬೀಗಿಕೊಂಡೇ ನಡೆದೆ. “ಸದ್ಯ, ನಾನಿಲ್ದಿದ್ರೆ ಏನಾಗ್ತಿತ್ತು ಹೇಳು. ಆ ಮಗು ಹಾಗೇ ನಿಂತಿದೆ, ಒಬ್ರಾದ್ರೂ ಒಂದು ಮಾತು ಎತ್ತಬೇಕೋ ಬೇಡ್ವೋ” ಎಂದು ಗೆಳತಿಗೆ ಹೇಳಿದೆ. ಅವಳ ಮಗಳು ಅಮ್ಮನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿ ಮುಂದೆ ಹೋಗಿದ್ದನ್ನು ನಾನು ನೋಡಿದ್ದೆ. ಸ್ವಲ್ಪ ದೂರ ನಡೆದ ಮೇಲೆ ಗೆಳತಿ ಹೆಜ್ಜೆ ನಿಧಾನ ಮಾಡಿದಳು.

“ಅಕ್ಕ, ಅವಳು ಮರ್ತಿರ್ಲಿಲ್ಲ.”

“ಮತ್ತೆ?”

“ಅಲ್ಲಿ ಸುಮ್ನಿರ್ಬೇಕಂತೆ. ಅದು ಕಥೆಲಿರೋದೇ ಅಂತೆ.”

ಅವಳು ಮಗಳಿಂದ ಕೇಳಿದ್ದನ್ನು ನಡೆಯುತ್ತ ನಡೆಯುತ್ತ ಹೇಳಿದಳು. ಆ ಮನೆಯ ಪಕ್ಕದ ಕೋಣೆಯಲ್ಲೇ ಕೊನೆಯ ಮಂತ್ರಿಸಭೆ ಕೂತು ದೇಶವನ್ನು ಜಪಾನಿಗೆ ಬರೆದುಕೊಟ್ಟಿತಂತೆ. ಪರದೆಯ ಹಿಂದಿನಿಂದ ಕೇಳಿಸಿಕೊಂಡ ರಾಣಿ ರಾಜಮುದ್ರೆಯನ್ನು ತನ್ನ ಲಂಗದೊಳಗೆ ಬಚ್ಚಿಟ್ಟುಕೊಂಡಳಂತೆ, ಮುದ್ರೆ ಬೀಳದಿದ್ದರೆ ದೇಶ ಹೋಗಲಿಕ್ಕಿಲ್ಲ ಎಂದು. ಬೇರೆ ಯಾರಿಗೂ ಅವಳನ್ನು ಮುಟ್ಟುವ ಧೈರ್ಯವಿರಲಿಲ್ಲ. ಅವಳ ಸ್ವಂತ ದೊಡ್ಡಪ್ಪನೇ ಬಂದು ಕಿತ್ತುಕೊಂಡನಂತೆ. ಹಾಗೆಂದು ಅಲ್ಲಿಯವರು ಹೇಳುತ್ತಾರೆ. ಆ ಮಾತಿಗೆ ಬಂದಾಗ ಹೇಳುವವರು ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಟೀಚರು ಕಲಿಸಿದ್ದರು. ಎಷ್ಟು ಹೊತ್ತೆಂಬುದು ಹೇಳುವವರಿಗೆ ಬಿಟ್ಟದ್ದು. ನನ್ನ ಮಗಳು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವಳಿದ್ದಳಂತೆ.

ನಾನು ಅಲ್ಲಿ ಬಲ್ಬು ಹಚ್ಚಿದ್ದೆ.

“ಆಮೇಲೆ ಅವರಿಗೆ ಏನೋ ಹೇಳಿದ್ಲಲ್ಲ, ಏನು?” ಎಂದು ಕೇಳಿದೆ.

“ಬಿಡಿ ಅಕ್ಕ, ಅದೆಲ್ಲ ಈಗ ಯಾಕೆ.”

“ಹೇಳು.”

“ನಮ್ಮಮ್ಮ ದೂರದಿಂದ ಬಂದಿದ್ದಾರೆ, ಇಲ್ಲಿ ಸುಮ್ನಿರ್ಬೇಕು ಅಂತ ನಾನು ಅವ್ರಿಗೆ ಹೇಳ್ಕೊಟ್ಟಿರ್ಲಿಲ್ಲ, ತಪ್ಪು ನಂದು, ನನ್ನ ಕ್ಷಮಿಸಿ, ಅಂತ.”

ಹೇಳಿಕೊಟ್ಟಿರಲಿಲ್ಲವೇ? ವಿಮಾನದಲ್ಲಿ ಕೂತು ಕೇಳಿಕೊಂಡಿದ್ದಳಲ್ಲ. ನೆಲ ಬಿರಿದು ಬಾಯಿಬಿಡಬಾರದೇ ಎಂದು ಕಥೆಗಳಲ್ಲಿ ಓದಿದಾಗ ನಾನು ನಗುತ್ತಿದ್ದೆ. ಆ ಸಂಜೆ ನನಗೆ ಬೇರೆ ಮಾತು ಹೊಳೆಯಲಿಲ್ಲ. ಅಂಗಳದ ಚಪ್ಪಡಿ ಕಲ್ಲು ನೋಡುತ್ತ ನಡೆದೆ. ಆಮೇಲೆ ಒಂದು ಕೊಳವಿತ್ತು, ಅದರಲ್ಲಿ ಮಂಟಪದ ನೆರಳಿತ್ತು, ಯಾರೋ ಕೊಳಲಿನಂಥದ್ದನ್ನು ನುಡಿಸಿದರು, ಎಲ್ಲರೂ ಫೋಟೋ ತೆಗೆದರು. ನನಗೆ ನೆನಪಿರುವುದು ನನ್ನ ಸ್ನೀಕರ್ಸ್ ಮಾತ್ರ. ಆ ಹಿರಿಯರು ಬೀಳ್ಕೊಡುವಾಗ ನನ್ನ ಕೈಯಿಂದ ಲಾಂದ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಇಂಗ್ಲಿಷಿನಲ್ಲಿ ನಿಧಾನವಾಗಿ, “ಯುವರ್ ಡಾಟರ್, ವೆರಿ ಗುಡ್” ಎಂದರು. ಅವರು ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ನಾನು ಮನಸ್ಸಿನಲ್ಲಾದರೂ ಜಗಳವಾಡಿ ಗೆದ್ದುಕೊಳ್ಳುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.

ಹೋಟೆಲಿನ ಕೋಣೆಯಲ್ಲಿ ಮಗಳು ಹಲ್ಲುಜ್ಜಿ ಬಂದು ಹಾಸಿಗೆಯ ಮೇಲೆ ಕೂತಳು. ನಾನು ಕಿತ್ತಳೆ ಸುಲಿದು ತೊಳೆಗಳನ್ನು ಅವಳ ಮುಂದಿಟ್ಟೆ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ದೊಡ್ಡವರಿಗೆ ಇರಲಿಲ್ಲ. ನನ್ನ ಅಮ್ಮ ಬೈದ ಮೇಲೆ ದೋಸೆಗೆ ಒಂದು ಚಮಚ ಬೆಣ್ಣೆ ಹೆಚ್ಚು ಹಾಕುತ್ತಿದ್ದಳು, ಅದೇ ಕ್ಷಮೆ. ಆದರೂ ಪ್ರಯತ್ನ ಪಟ್ಟೆ. “ನೀನು ಮರ್ತೆ ಅಂದ್ಕೊಂಡೆ ಕಣೇ. ಸಾರಿ” ಎಂದೆ.

“ಇಟ್ಸ್ ಫೈನ್, ಅಮ್ಮ. ರಿಯಲಿ” ಎಂದಳು. ಅಂಗಳದಲ್ಲಿ ಆ ಹಿರಿಯರ ಹತ್ತಿರ ಮಾತನಾಡಿದ ಅದೇ ದನಿ, ಬಿಡಿಸಿಟ್ಟ ದನಿ. ಆ ದನಿಯಲ್ಲಿ ಅವಳು ನನ್ನ ಜೊತೆ ಎಂದೂ ಮಾತನಾಡಿರಲಿಲ್ಲ. ಕಿರುಚಿದ್ದಳು, ಬಾಗಿಲು ಬಡಿದಿದ್ದಳು, ಎರಡು ದಿನ ಮುಖ ತಿರುಗಿಸಿದ್ದಳು. ಅದೆಲ್ಲ ಮನೆಯವರಿಗೆ ಮಾಡುವಂಥದ್ದು. ಈಗ ಕಿತ್ತಳೆಯ ಒಂದು ತೊಳೆ ತೆಗೆದುಕೊಂಡು ಥ್ಯಾಂಕ್ಸ್ ಎಂದಳು.

ಊರಿಗೆ ಬಂದ ಮೇಲೆ ಎಲ್ಲ ಮೊದಲಿನ ಹಾಗೆಯೇ ಇತ್ತು. ನಾನು ಪಿಸ್ಕಾಟವೇಯ ನನ್ನ ಸಾಫ್ಟ್‌ವೇರ್ ಆಫೀಸಿಗೆ, ಅವಳು ಶಾಲೆಗೆ. ಶನಿವಾರ ತರಗತಿಗೆ ಬಿಡುವುದು, ಕರೆದುಕೊಂಡು ಬರುವುದು. ಮೇ ತಿಂಗಳಲ್ಲಿ ಒಂದು ಶುಕ್ರವಾರ ಸಂಜೆ ತರಗತಿಯ ಮುಕ್ತಾಯ ಎಂದಳು. ಏನು ವಿಶೇಷ ಎಂದು ಕೇಳಿದೆ. “ಜಸ್ಟ್ ಸ್ಟೂಡೆಂಟ್ಸ್. ಪಿಜ್ಜಾ ಅಂಡ್ ಸ್ಟಫ್” ಎಂದಳು. ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟೆ. ತಿರುವಿನಲ್ಲೇ ಇಳಿಸಲು ಹೇಳಿದಳು. ಚರ್ಚಿನ ಪಾರ್ಕಿಂಗ್ ಲಾಟ್ ತುಂಬಿದ್ದನ್ನು ದೂರದಿಂದ ನೋಡಿದೆ. ಚರ್ಚಿನವರದೇ ಏನೋ ಇರಬೇಕು ಎಂದುಕೊಂಡು ಮನೆಗೆ ಬಂದು ಸಾರಿಗೆ ಬೇಳೆ ಇಟ್ಟೆ.

ಆ ಭಾನುವಾರ ಇಂಡಿಯನ್ ಗ್ರೋಸರಿಯಲ್ಲಿ ಕೊತ್ತಂಬರಿ ಕಟ್ಟು ಆರಿಸುತ್ತಿದ್ದಾಗ ಓಲ್ಡ್ ಬ್ರಿಡ್ಜಿನ ಗೆಳತಿ ಸಿಕ್ಕಳು.

“ಏನಕ್ಕ, ಶುಕ್ರವಾರ ಬರ್ಲೇ ಇಲ್ಲ? ಎಲ್ಲರ ಪೇರೆಂಟ್ಸೂ ಬಂದಿದ್ರು. ನಿಮ್ಮ ಮಗಳು ಆ ರಾಣಿ ಕಥೆ ಮತ್ತೆ ಹೇಳಿದ್ಲು. ನಮಗೋಸ್ಕರ ಪಕ್ಕದಲ್ಲಿ ಸ್ಕ್ರೀನ್ ಮೇಲೆ ಇಂಗ್ಲಿಷ್‌ನಲ್ಲೂ ಹಾಕಿದ್ರು. ನನಗಂತೂ ಕಣ್ಣಲ್ಲಿ ನೀರು ಬಂತು.” ಆಮೇಲೆ “ಅಮ್ಮಂಗೆ ಆಫೀಸ್ ಕೆಲಸ ಬಂತು ಅಂದ್ಲು” ಎಂದು ಸೇರಿಸಿದಳು.

ಅವಳು ನನ್ನ ಮುಖ ನೋಡಲಿಲ್ಲ, ಹಸಿಮೆಣಸಿನಕಾಯಿ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ.

“ಹೌದು ಕಣೇ, ರಿಲೀಸ್ ಇತ್ತು. ಕೊನೇ ಗಳಿಗೇಲಿ ಹಿಡ್ಕೊಂಡ್ಬಿಟ್ರು” ಎಂದೆ. ಸುಳ್ಳು ಸರಾಗವಾಗಿ ಬಂತು. ಇಷ್ಟು ವರ್ಷದಲ್ಲಿ ಮಗಳು ಹೇಳಿದ್ದಕ್ಕೆ ನಾನು ಏನನ್ನೂ ತಿದ್ದದೆ ಹೂಂಗುಟ್ಟಿದ್ದು ಅದೇ ಮೊದಲಿರಬೇಕು.

ಮನೆಗೆ ಬಂದು ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿದಾಗ ಸಾಮಾನು ಇಳಿಸಲು ಮಗಳು ಹೊರಗೆ ಬಂದಳು. ಡಿಕ್ಕಿ ತೆಗೆದು ಚೀಲಗಳಿಗೆ ಕೈ ಹಾಕಿದಳು.

“ಅಂಗಡೀಲಿ ಆಂಟಿ ಸಿಕ್ಕಿದ್ರು” ಎಂದೆ.

ಅವಳ ಕೈ ಅಲ್ಲೇ ನಿಂತಿತು. ಅವಳ ಕಿವಿ ಕೆಂಪಾಗುವುದು ನನಗೆ ಕಂಡಿತು. ಕೇಳಬೇಕಾದದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು: ನನ್ನನ್ನು ಕಂಡರೆ ಅಷ್ಟು ನಾಚಿಕೆಯೇ, ಕೊನೆಯ ಸಾಲಿನಲ್ಲಿ ಕೂತಿದ್ದರೆ ಆಗುತ್ತಿರಲಿಲ್ಲವೇ, ನಾನು ನಿನ್ನ ತಾಯಿಯಲ್ಲವೇ. ಉತ್ತರ ನನಗೇ ಗೊತ್ತಿತ್ತು.

“ಆಫೀಸಲ್ಲಿ ಕೆಲಸ ಇತ್ತು, ಅದಕ್ಕೇ ಬರೋಕಾಗ್ಲಿಲ್ಲ ಅಂದೆ” ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ “ಥ್ಯಾಂಕ್ ಯೂ, ಅಮ್ಮ” ಎಂದು ಅಕ್ಕಿಯ ಚೀಲ ಎತ್ತಿಕೊಂಡು ಒಳಗೆ ಹೋದಳು.